ಮಡುವಿನಲ್ಲಿ ಹೊಗೆ

ಹೆಂಗಸರೂ ಮಕ್ಕಳೂ ಕೂಡಿ ಓದುವ ಈ ಮಾಸಪತ್ರಿಕೆಯಲ್ಲಿ ಮದ್ಯದ ಪ್ರಸ್ತಾಪವೇಕೆಂದು ವಾಚಕ ಮಹಾಶಯರಲ್ಲಿ ಕೆಲವರು ಹುಬ್ಬು ಗಂಟಿಕ್ಕಬಹುದು. ಅಂತಹವರಲ್ಲಿ ನಮ್ಮದೊಂದು ವಿಜ್ಞಾಪನೆ. ಮನೆಯ ಹೊರಗಿರುವ ವಸ್ತುವಿನ ಮಾತನ್ನು ಮನೆಯೊಳಗೆ ಎತ್ತಬಾರದೆಂಬುದು ಒಳ್ಳೆಯ ನಿಯಮವೇ ಸರಿ. ಆದರೆ ಆ ವಸ್ತುವು ಆಗಲೇ ಒಳಗೆ ಬಂದು, ಮಗನ ಬಟ್ಟೆಗಳ ನಡುವೆ ಪೆಟ್ಟಿಗೆಯಲ್ಲಿ ಕುಳಿತಿರುವಾಗ ಆ ನಿಯಮದಿಂದ ಏನು ಪ್ರಯೋಜನ? ಬೆಂಗಳೂರಿನಲ್ಲಿಯೂ ಪರದೇಶಗಳಲ್ಲಿಯೂ ಉದ್ಯೋಗದಲ್ಲಿರುವ ನಮ್ಮ ತರುಣರು ಈಗ ‘ಸಿಂಗಲ್ ಮಾಲ್ಟ್’ ಎಂಬ ವಿಸ್ಕಿಯ ಗುಣದೋಷಗಳನ್ನು, ಹಿಂದಿನವರು ಭಾಗವತರ ಪದಗಾರಿಕೆಯನ್ನು ಚರ್ಚಿಸುತ್ತಿದ್ದ ಹಾಗೆ, ರಾತ್ರಿಯೆಲ್ಲ ಚರ್ಚಿಸುತ್ತಾರಂತೆ. ಅದರಲ್ಲಿಯೂ ಹೊಗೆಯ ವಾಸನೆಯುಳ್ಳ ಬಗೆಗೆ ವಿಶೇಷವಾದ ಮನ್ನಣೆಯುಂಟು. ಅದು ಏನೆಂದು ತಿಳಿಯದೆ ಬೈಯುವ ಹಿರಿಯರ ಮಾತನ್ನು ಅವರು ಕೇಳುವುದಿಲ್ಲ. ತಿಳಿದು ಆಡಿದ ಮಾತನ್ನು ಒಂದು ವೇಳೆ ಕೇಳಿಯಾರು.

ನಾವು ಅಮಾಸೆಬೈಲಿನವರು, ಹೈಸ್ಕೂಲಿನಲ್ಲಿ ಸಂಸ್ಕೃತ ಪಾಠ ಹೇಳಿ ನಿವೃತ್ತರಾದವರು. ಮದ್ಯವನ್ನು ಸೇವಿಸಿದವರಲ್ಲ, ಇನ್ನು ಮುಂದೆ ಸೇವಿಸುವ ಸಂಕಲ್ಪವೂ ಇಲ್ಲ. ಆದರೆ ನಾಲಗೆಗಿರುವ ವ್ರತವು ಮೂಗಿಗಿಲ್ಲ, ಕಿವಿಗಂತೂ ಇಲ್ಲವೇ ಇಲ್ಲ.

ಕಳೆದ ದೀಪಾವಳಿಯ ಸಮಯದಲ್ಲಿ ನಮ್ಮ ತಂಗಿಯು ಹೇಳಿಕಳುಹಿಸಿದಳು: “ಅಣ್ಣಯ್ಯ, ನೀವೇ ಒಂದ್ಸಲ ಬಂದ್ ಕಾಣಿ. ನಂಗೆ ಕೈಕಾಲ್ ಆಡುದಿಲ್ಲ.” ಹೋಗಿ ನೋಡಲಾಗಿ, ಬೆಂಗಳೂರಿನಿಂದ ಹಬ್ಬಕ್ಕೆ ಬಂದಿದ್ದ ಅವಳ ಮಗನ ಪೆಟ್ಟಿಗೆಯಲ್ಲಿ ಒಂದು ಸೀಸೆ ದೊರೆತಿತ್ತು. ಈ ಮನೆಯಲ್ಲಿ ಸೀಸೆಯೆಂದರೆ ಏನೆಂಬುದನ್ನು ಇಲ್ಲಿ ಹೇಳಿಬಿಡುವುದು ಒಳ್ಳೆಯದು. ಕರ್ನಾಟಕ ಸರಕಾರವು ಸಾರಾಯಿಯನ್ನು ೨೦೦೭ನೆಯ ಇಸವಿಯ ಜುಲೈ ತಿಂಗಳಿನಿಂದ ನಿಷೇಧಿಸಿತು. ನಮ್ಮ ಭಾವನವರು ಅದಕ್ಕೆ ಎರಡು ವರ್ಷ ಮೊದಲೇ ತೀರಿಕೊಂಡಿದ್ದರು. ಅಡಿಕೆತೋಟದ ಅರ್ಧವು ಅವರಿಗಿಂತ ಮೊದಲೇ ಹೋಗಿತ್ತು. ಇದಕ್ಕಿಂತ ಹೆಚ್ಚಿಗೆ ಬರೆಯುವ ಅಗತ್ಯವಿಲ್ಲ. ಇಂತಹ ಮನೆಗಳು ಕುಂದಾಪುರ ತಾಲೂಕಿನ ಊರೂರಿನಲ್ಲಿಯೂ ಇವೆ. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯವರ ಆಶ್ರಯದಲ್ಲಿ ನಡೆಯುವ ಮದ್ಯವರ್ಜನ ಶಿಬಿರಗಳನ್ನು ಕಂಡವರಿಗೆ ನಾವು ವಿವರಿಸಬೇಕಾದುದಿಲ್ಲ.

ಹುಡುಗನು ತಲೆತಗ್ಗಿಸಲಿಲ್ಲ. “ಮಾವಯ್ಯ, ಇದು ಅಮ್ಮ ತಿಳಿದ ಹಾಂಗಿನದ್ದಲ್ಲ, ಇದೊಂದು ವಿದ್ಯೆ” ಎಂದನು. ವಿದ್ಯೆಯೆಂದ ಮೇಲೆ ಮೇಷ್ಟರಾದವರು ಕುಳಿತು ಕೇಳಲೇಬೇಕಷ್ಟೆ. ಎರಡು ದಿನ ಕೇಳಿದೆವು. ಆ ಮೇಲೆ ಕೆಲವು ತಿಂಗಳು ಪುಸ್ತಕಗಳನ್ನು ತರಿಸಿ ಓದಿದೆವು. ತಿಳಿದುದನ್ನು ಇಲ್ಲಿ ನಿವೇದಿಸುತ್ತೇವೆ.

ಮಾಲ್ಟ್ ಎಂಬ ಶಬ್ದಕ್ಕೆ ನಮ್ಮ ಭಗಿನಿಯರು ಬೆದರಬೇಕಾದುದಿಲ್ಲ. ಎಳೆಯ ಮಗುವಿಗೆ ರಾಗಿಯನ್ನು ನೆನೆಯಿಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಒಣಗಿಸಿ ಹುರಿದು ಹಿಟ್ಟು ಮಾಡುತ್ತೇವಲ್ಲವೆ? ಅದೇ ಮಾಲ್ಟ್. ಧಾನ್ಯವು ಮೊಳೆಯುವಾಗ ತನ್ನ ಹೊಟ್ಟೆಯಲ್ಲಿರುವ ಪಿಷ್ಟವನ್ನು ಸಕ್ಕರೆಯಾಗಿಸುವ ಶಕ್ತಿಯನ್ನು ತಾನೇ ಹುಟ್ಟಿಸಿಕೊಳ್ಳುತ್ತದೆ. ರಾಗಿಯ ಬದಲಿಗೆ ಜವೆಗೋಧಿಯನ್ನು, ಎಂದರೆ ನಮ್ಮ ವೈದಿಕರ ಯವವನ್ನು, ನೆನೆಯಿಸಿ ಕೆಲವು ದಿನ ಮೊಳಕೆ ಬರಿಸುತ್ತಾರೆ. ಮೊಳಕೆಯು ಬೆಳೆದು ಸಕ್ಕರೆಯನ್ನು ತಿಂದು ಮುಗಿಸುವುದಕ್ಕೆ ಮೊದಲು ಅದನ್ನು ಬಿಸಿಯಲ್ಲಿ ಒಣಗಿಸಿ ತಡೆಯಬೇಕು. ಒಣಗಿದ ಧಾನ್ಯವನ್ನು ಒಡೆದು, ಬಿಸಿನೀರಿನಲ್ಲಿ ಕಲಸಿ, ಸಿಹಿರಸವನ್ನು ಬಸಿದು, ಹುದುಗು ಹಾಕಿ ಹುಳಿಯಿಸುತ್ತಾರೆ. ಬಳಿಕ ತಾಮ್ರದ ಹಂಡೆಯಲ್ಲಿ ಸಾಮಾನ್ಯವಾಗಿ ಎರಡು ಸಲ ಭಟ್ಟಿಯಿಳಿಸಿ, ಓಕ್ ಮರದ ಪೀಪಾಯಿಗಳಲ್ಲಿ ತುಂಬಿಡುತ್ತಾರೆ. ಸ್ಕಾಟ್ಲೆಂಡಿನ ಕಾನೂನಿನಂತೆ ಮೂರು ವರ್ಷ ಪೀಪಾಯಿಯಲ್ಲಿದ್ದ ಹೊರತು ಅದಕ್ಕೆ ವಿಸ್ಕಿಯೆಂಬ ಹೆಸರೇ ಇಲ್ಲ. ಒಂದೇ ಭಟ್ಟಿಮನೆಯಲ್ಲಿ, ಮೊಳಕೆಯ ಜವೆಯೊಂದರಿಂದಲೇ ಆದುದು ಸಿಂಗಲ್ ಮಾಲ್ಟ್. ಇಲ್ಲಿ ‘ಒಂದು’ ಎಂಬುದು ಮನೆಗೆ ಸೇರಿದ ಸಂಖ್ಯೆ, ಪೀಪಾಯಿಗಲ್ಲ. ಹುದುಗಿಗೆ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ‘ಕಿಣ್ವ’ವೆಂಬ ಹೆಸರಿದೆ. ಈಗಿನ ವಿಜ್ಞಾನದ ಪಠ್ಯಪುಸ್ತಕಗಳಲ್ಲಿ ಆ ಶಬ್ದವು ಜೀರ್ಣಕ್ರಿಯೆಯ ಪಾಠದಲ್ಲಿ ಬರುತ್ತದೆ. ಸುರಾಧ್ಯಕ್ಷನ ಪ್ರಕರಣದಿಂದ ಹೊರಟ ಮಾತು ಮಕ್ಕಳ ಪಾಠಕ್ಕೆ ಬಂದು ಸೇರಿದುದನ್ನು ಕಂಡು ನಾವು ಎಷ್ಟೋ ಸಲ ತರಗತಿಯಲ್ಲಿ ಒಳಗೊಳಗೇ ನಕ್ಕಿದ್ದುಂಟು.

ಇನ್ನು ಹೊಗೆಯ ವಿಚಾರ. ಸ್ಕಾಟ್ಲೆಂಡಿನ ಪಶ್ಚಿಮ ಸಮುದ್ರದಲ್ಲಿ ಐಲಾ ಎಂಬ ಒಂದು ದ್ವೀಪವಿದೆ. ಅಲ್ಲಿರುವ ಜನ ಮೂರು ಸಾವಿರದಷ್ಟು. ಗಾಳಿಯೂ ಮಳೆಯೂ ಹೇರಳ, ಮರಗಳು ಕಡಿಮೆ. ಮರವಿಲ್ಲದ ನಾಡಿನಲ್ಲಿ ಒಲೆಗೆ ಏನು ಹಾಕಬೇಕು? ಜೌಗುನೆಲದಲ್ಲಿ ಪಾಚಿಯೂ ಹುಲ್ಲೂ ಕುರುಚಲು ಗಿಡಗಳೂ ನೀರಿನಲ್ಲಿ ಮುಳುಗಿ, ಗಾಳಿಯಿಲ್ಲದೆ ಪೂರ್ತಿ ಕೊಳೆಯಲಾರದೆ, ಸಾವಿರಾರು ವರ್ಷಗಳಿಂದ ಪದರಪದರವಾಗಿ ಕೂತ ಕಪ್ಪು ಮಣ್ಣಿನಂತಹ ವಸ್ತುವೊಂದುಂಟು. ಅದಕ್ಕೆ ಪೀಟ್ ಎನ್ನುತ್ತಾರೆ. ಅದನ್ನು ಉದ್ದನೆಯ ಇಟ್ಟಿಗೆಗಳಂತೆ ಕತ್ತರಿಸಿ, ಬೇಸಗೆಯಲ್ಲಿ ಒಣಗಿಸಿ ಉರಿಸುವುದು ಅಲ್ಲಿಯ ಪದ್ಧತಿ. ಅಡಿಗೆಯ ಒಲೆಗೂ ಅದೇ, ಜವೆಯನ್ನು ಒಣಗಿಸುವ ಗೂಡಿಗೂ ಅದೇ. ಮೊಳಕೆಯ ಧಾನ್ಯವು ಇನ್ನೂ ಹಸಿಯಾಗಿರುವಾಗ ಕೆಳಗಿನಿಂದ ಏಳುವ ಹೊಗೆಯು ಅದರ ಸಿಪ್ಪೆಗೆ ಅಂಟಿಕೊಳ್ಳುತ್ತದೆ. ಆ ಮೇಲೆ ನೀರು, ಹುದುಗು, ಹಂಡೆ, ಪೀಪಾಯಿ ಎಲ್ಲವನ್ನೂ ದಾಟಿ ಕೊನೆಯ ತೊಟ್ಟಿನವರೆಗೂ ಉಳಿಯುತ್ತದೆ. ಸ್ಕಾಟ್ಲೆಂಡಿನ ಒಳನಾಡಿಗೆ ರೈಲಿನೊಡನೆ ಕಲ್ಲಿದ್ದಲು ಬಂದಾಗ ಅಲ್ಲಿಯ ಅನೇಕ ಭಟ್ಟಿಮನೆಗಳು ಹೊಗೆಯನ್ನು ಕಡಿಮೆ ಮಾಡಿದವು. ದ್ವೀಪದವರು ಹಳೆಯ ಒಲೆಯನ್ನೇ ಹಿಡಿದುಕೊಂಡರು. ಬಡತನದ ಗುರುತಾಗಿದ್ದುದು ಈಗ ಬೆಲೆಯ ಗುರುತಾಗಿದೆ.

ನಮ್ಮ ಸೀಮೆಯವರಿಗೆ ಇದು ಅರ್ಥವಾಗದ ಮಾತೇನಲ್ಲ. ಘಟ್ಟದ ಕಾಡಿನ ಉಪ್ಪಾಗೆಯು ಮಳೆಗಾಲದಲ್ಲಿಯೇ ಹಣ್ಣಾಗುವುದು. ಬಿಸಿಲಿಲ್ಲದ ಕಾಲದಲ್ಲಿ ಸಿಪ್ಪೆಯನ್ನು ಒಣಗಿಸಲು ಹೊಗೆಯಲ್ಲದೆ ಬೇರೆ ಗತಿಯಿಲ್ಲ. ಒಲೆಯ ಮೇಲಿನ ಅಟ್ಟದಲ್ಲಿ ಕಪ್ಪಾದ ಬುಟ್ಟಿಗಳು, ಹುಳ ಹಿಡಿಯದಿರಲೆಂದು ತೂಗಿಸಿದ ಬೀಜದ ಗೊಂಚಲು, ತೇವ ಆರದ ಕಂಬಳಿ, ಇವುಗಳ ನಡುವೆ ಬೆಳೆದವರು ನಾವು. ಹೊಗೆಯ ರುಚಿಯನ್ನು ನಾವು ಬಯಸಿ ಪಡೆದುದಲ್ಲ. ಆರು ತಿಂಗಳ ಮಳೆಯು ಅದನ್ನು ನಮ್ಮ ತಟ್ಟೆಗೆ ಹಾಕಿತು.

ಈ ವಾಸನೆಯ ಮೂಲವು ಫಿನಾಲ್ ಎಂಬ ಕುಲದ ದ್ರವ್ಯಗಳು. ಅದರಲ್ಲಿ ಕ್ರೆಸಾಲ್ ಎಂಬುದು ಆಸ್ಪತ್ರೆಯ ನೆಲ ತೊಳೆಯುವ ಔಷಧದ ನೆಂಟ. ಗ್ವಾಯಕಾಲ್ ಎಂಬುದು ಸೌದೆಯ ಹೊಗೆಯಲ್ಲಿಯೂ ಇರುವಂತಹದು. ಆದುದರಿಂದಲೇ ಐಲಾದ ವಿಸ್ಕಿಯನ್ನು ಮೊದಲು ಮೂಸಿದವರು ಕೆಲವರು ಯಜ್ಞಶಾಲೆಯೆನ್ನುತ್ತಾರೆ, ಕೆಲವರು ಆಸ್ಪತ್ರೆಯೆನ್ನುತ್ತಾರೆ. ಧಾನ್ಯದಲ್ಲಿ ಈ ದ್ರವ್ಯವು ಹತ್ತು ಲಕ್ಷ ಪಾಲಿಗೆ ಎಷ್ಟು ಪಾಲು ಇದೆಯೆಂದು ಅಳೆಯುವ ಕ್ರಮವುಂಟು. ಲಾಫ್ರೋಯ್ಗ್ ಎಂಬ ಭಟ್ಟಿಮನೆಯ ಜವೆಯಲ್ಲಿ ಸುಮಾರು ೪೦ರಿಂದ ೪೫, ಆರ್ಡ್‌ಬೆಗ್‌ನದರಲ್ಲಿ ಸುಮಾರು ೫೫. ಇವೆರಡೂ ೧೮೧೫ನೆಯ ಇಸವಿಯವು. ಈ ಅಂಕಿಯು ಧಾನ್ಯದ್ದೇ ಹೊರತು ಸೀಸೆಯದ್ದಲ್ಲ; ಭಟ್ಟಿಯಲ್ಲಿ ಬಹುಭಾಗವು ಹಿಂದೆ ಉಳಿಯುತ್ತದೆ. ತರುಣರು ಅಂಕಿ ಹೆಚ್ಚಿದ್ದನ್ನೇ ಹೆಚ್ಚಿನದೆಂದು ತಿಳಿಯುವುದುಂಟಂತೆ. ಪರೀಕ್ಷೆಯ ಅಂಕಗಳಿಂದ ಬಂದ ಚಾಳಿಯಿರಬೇಕು.

ಲಾಫ್ರೋಯ್ಗಿನ ಇತಿಹಾಸದಲ್ಲಿ ನಮ್ಮ ಭಗಿನಿಯರು ತಿಳಿಯತಕ್ಕ ಒಂದು ಸಂಗತಿಯಿದೆ. ಗ್ಲಾಸ್ಗೋ ವಿಶ್ವವಿದ್ಯಾಲಯದಲ್ಲಿ ಓದಿ ಉಪಾಧ್ಯಾಯಿನಿಯಾಗಬೇಕೆಂದಿದ್ದ ಬೆಸ್ಸಿ ವಿಲಿಯಮ್ಸನ್ ಎಂಬಾಕೆಯು ೧೯೩೪ರಲ್ಲಿ ಬೇಸಗೆಯ ಕೆಲವು ತಿಂಗಳ ಗುಮಾಸ್ತಿಕೆಗೆಂದು ಆ ದ್ವೀಪಕ್ಕೆ ಬಂದಳು. ಮಾಲಿಕನು ಅವಳ ಕಾರ್ಯದಕ್ಷತೆಯನ್ನು ಕಂಡು ಒಂದೊಂದೇ ಭಾರವನ್ನು ವಹಿಸುತ್ತ ಬಂದು, ೧೯೫೪ರಲ್ಲಿ ತಾನು ತೀರಿಕೊಳ್ಳುವಾಗ ಭಟ್ಟಿಮನೆಯನ್ನೇ ಅವಳಿಗೆ ಬಿಟ್ಟನು. ಶಾಲೆಗೆ ಒಬ್ಬ ಒಳ್ಳೆಯ ಉಪಾಧ್ಯಾಯಿನಿ ನಷ್ಟವಾದಳೆಂದು ನಮಗೆ ತೋರುತ್ತದೆ. ದ್ವೀಪದವರ ಅಭಿಪ್ರಾಯವು ಬೇರೆಯಿರಬಹುದು.

ಇಲ್ಲಿ ನಮ್ಮ ಶಾಸ್ತ್ರದ ಮಾತೊಂದನ್ನು ಹೇಳದೆ ಇರಲಾರೆವು. ತರ್ಕವನ್ನು ಓದುವ ಪ್ರತಿಯೊಬ್ಬ ವಿದ್ಯಾರ್ಥಿಯೂ ಅನ್ನಂಭಟ್ಟನ ತರ್ಕಸಂಗ್ರಹದಲ್ಲಿ ಮೊದಲು ಕಲಿಯುವ ಅನುಮಾನವು ಹೊಗೆಯಿಂದ ಬೆಂಕಿಯನ್ನು ಊಹಿಸುವುದು. ಬೆಟ್ಟದಲ್ಲಿ ಹೊಗೆ ಕಂಡರೆ ಅಲ್ಲಿ ಬೆಂಕಿಯಿರಬೇಕು. ಇದಕ್ಕೆ ಅನುಕೂಲವಾದ ದೃಷ್ಟಾಂತವು ಅಡಿಗೆಯ ಮನೆ. ಪ್ರತಿಕೂಲವಾದ ದೃಷ್ಟಾಂತವು ದೊಡ್ಡ ಮಡು. ಮಡುವಿನಲ್ಲಿ ಬೆಂಕಿಯಿಲ್ಲ, ಆದುದರಿಂದ ಹೊಗೆಯೂ ಇಲ್ಲ. ಮೂವತ್ತು ವರ್ಷ ಇದನ್ನು ಮಕ್ಕಳಿಗೆ ಹೇಳಿದ ನಮ್ಮ ಮುಂದೆ ಸೋದರಳಿಯನು ಹೊಗೆ ತುಂಬಿದ ನೀರನ್ನು ತಂದಿಟ್ಟನು! ಅನ್ನಂಭಟ್ಟನ ಮಡುವಿಗೆ ಇದರಿಂದ ಬಾಧಕವೇನೂ ಇಲ್ಲವೆನ್ನಿ. ಇಲ್ಲಿರುವುದು ಹೊಗೆಯಲ್ಲ, ಹೊಗೆಯ ಗಂಧ ಮಾತ್ರ. ಬೆಂಕಿಯು ಹಿಂದೆ ಇದ್ದುದರ ಸಾಕ್ಷಿಯೇ ಹೊರತು ಈಗ ಇರುವುದರದ್ದಲ್ಲ. ಹೀಗೆಂದು ಅವನಿಗೆ ಸಮಾಧಾನ ಹೇಳಿದೆವು. “ಕುಡಿದರೆ ಬೆಂಕಿಯೂ ಇದೆ, ಮಾವಯ್ಯ” ಎಂದನು. ಒಪ್ಪಬೇಕಾಯಿತು.

ಅವನು ತಂದಿದ್ದ ಸೀಸೆಯು ಸ್ಕಾಟ್ಲೆಂಡಿನದಲ್ಲ, ಬೆಂಗಳೂರಿನದೇ. ಹೆಸರು ‘ಅಮೃತ್’. ಸಂಸ್ಕೃತ ಬಲ್ಲವರಿಗೆ ಇದು ಸ್ವಲ್ಪ ಚುಚ್ಚುವ ಹೆಸರು. ಸಮುದ್ರಮಥನದಲ್ಲಿ ವಾರುಣಿಯು ಬೇರೆ, ಅಮೃತವು ಬೇರೆ ಹುಟ್ಟಿದುವು. ವಾರುಣಿಯನ್ನು ಸ್ವೀಕರಿಸಿದವರು ಸುರರಾದರು, ಒಲ್ಲದವರು ಅಸುರರಾದರು ಎಂದು ರಾಮಾಯಣದ ಬಾಲಕಾಂಡದ ನಿರ್ವಚನ. ಭಾಗವತದಲ್ಲಾದರೋ ಅವಳನ್ನು ಕೈಕೊಂಡವರೇ ಅಸುರರು. ನಮ್ಮ ಹಿರಿಯರಿಗೂ ಈ ವಿಷಯದಲ್ಲಿ ಏಕಾಭಿಪ್ರಾಯವಿರಲಿಲ್ಲವೆಂದಾಯಿತು.

ಅಮೃತ್ ಸಂಸ್ಥೆಯನ್ನು ರಾಧಾಕೃಷ್ಣ ಜಗದಾಳೆಯವರು ಬೆಂಗಳೂರಿನಲ್ಲಿ ಸ್ಥಾಪಿಸಿದುದು ೧೯೪೮ರಲ್ಲಿ. ಆಗ ನಮ್ಮ ಕುಂದಾಪುರವು ದಕ್ಷಿಣ ಕನ್ನಡ ಜಿಲ್ಲೆಯೊಡನೆ ಮದರಾಸು ಪ್ರಾಂತ್ಯಕ್ಕೆ ಸೇರಿತ್ತು. ರಾಜಾಜಿಯವರು ೧೯೩೭ರಲ್ಲಿ ಸೇಲಂ ಜಿಲ್ಲೆಯಲ್ಲಿ ಮೊದಲು ಮಾಡಿದ ಪಾನನಿರೋಧವು ಅದೇ ೧೯೪೮ನೆಯ ಇಸವಿಯ ಅಕ್ಟೋಬರ್ ೨ನೆಯ ತಾರೀಖಿನ ಹೊತ್ತಿಗೆ ಪ್ರಾಂತ್ಯವಿಡೀ ವ್ಯಾಪಿಸಿತು. ಘಟ್ಟದ ಮೇಲೆ ಒಂದು ಭಟ್ಟಿಮನೆಯ ಬಾಗಿಲು ತೆರೆದ ವರ್ಷದಲ್ಲಿಯೇ ಘಟ್ಟದ ಕೆಳಗೆ ಅಂಗಡಿಗಳ ಬಾಗಿಲು ಮುಚ್ಚಿತು. ಆ ಮುಚ್ಚಿದ ಬಾಗಿಲುಗಳ ಹಿಂದೆ ಕಾಡಿನಲ್ಲಿ ಎಷ್ಟು ಕಳ್ಳಭಟ್ಟಿಗಳು ಉರಿದುವೆಂಬುದನ್ನು ನಮ್ಮ ಅಜ್ಜನ ಕಾಲದವರು ಪಿಸುದನಿಯಲ್ಲಿ ಹೇಳುತ್ತಿದ್ದರು.

ಸಂಸ್ಥೆಯು ಬಹುಕಾಲ ರಮ್ಮು ಬ್ರಾಂದಿ ಮೊದಲಾದ ಸಾಮಾನ್ಯ ಸರಕನ್ನೇ ಮಾಡುತ್ತಿತ್ತು. ಸ್ಥಾಪಕರ ಮಗ ನೀಲಕಂಠ ಜಗದಾಳೆಯವರ ಕಾಲದಲ್ಲಿ, ಇಂಗ್ಲೆಂಡಿನ ನ್ಯೂಕಾಸಲ್‌ನಲ್ಲಿ ಓದುತ್ತಿದ್ದ ಮೊಮ್ಮಗ ರಕ್ಷಿತರು ಭಾರತದ ಸಿಂಗಲ್ ಮಾಲ್ಟನ್ನು ಆ ದೇಶದಲ್ಲಿಯೇ ಮಾರಬಹುದೆ ಎಂಬುದನ್ನು ತಮ್ಮ ವ್ಯಾಸಂಗದ ಪ್ರಬಂಧಕ್ಕೆ ವಿಷಯವಾಗಿ ತೆಗೆದುಕೊಂಡರು. ೨೦೦೪ನೆಯ ಇಸವಿಯ ಆಗಸ್ಟ್ ತಿಂಗಳಿನಲ್ಲಿ, ಬೇರೆಲ್ಲಿಯೂ ಅಲ್ಲ, ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ ಅದನ್ನು ಮೊದಲು ಮಾರಾಟಕ್ಕಿಟ್ಟರು. ಕೊಲ್ಲೂರಿಗೆ ಹೋಗಿ ಕುಂಕುಮ ಮಾರಿದ ಹಾಗಾಯಿತು. ಮೊದಮೊದಲು ಕೊಳ್ಳುವವರಿರಲಿಲ್ಲ. ಅನಂತರ ‘ಫ್ಯೂಷನ್’ ಎಂಬ ಒಂದನ್ನು ಮಾಡಿದರು: ಮುಕ್ಕಾಲು ಪಾಲು ನಮ್ಮ ಉತ್ತರದೇಶದ ಹೊಗೆಯಿಲ್ಲದ ಜವೆ, ಕಾಲು ಪಾಲು ಸ್ಕಾಟ್ಲೆಂಡಿನಿಂದ ತರಿಸಿದ ಹೊಗೆಯ ಜವೆ; ಎರಡನ್ನೂ ಬೇರೆಬೇರೆ ಭಟ್ಟಿಯಿಳಿಸಿ, ಬೇರೆಬೇರೆ ಮಾಗಿಸಿ, ಆಮೇಲೆ ಕೂಡಿಸಿದ್ದು. ಜಿಮ್ ಮರ್ರೆ ಎಂಬ ಆಂಗ್ಲ ಪರೀಕ್ಷಕನು ತನ್ನ ೨೦೧೦ನೆಯ ಇಸವಿಯ ಗ್ರಂಥದಲ್ಲಿ ಇದಕ್ಕೆ ೧೦೦ಕ್ಕೆ ೯೭ ಅಂಕಗಳನ್ನು ಕೊಟ್ಟು, ಲೋಕದ ವಿಸ್ಕಿಗಳಲ್ಲಿ ಮೂರನೆಯ ಸ್ಥಾನದಲ್ಲಿರಿಸಿದನು. ಬೆಂಗಳೂರಿನವರು ತಮ್ಮ ಊರಿನ ಈ ಪದಾರ್ಥವನ್ನು ತಮ್ಮ ಊರಿನಲ್ಲಿಯೇ ಕೊಳ್ಳುವಂತಾದುದೂ ೨೦೧೦ರಲ್ಲಿಯೇ. ಪರದೇಶದವರು ಹೊಗಳಿದ ಮೇಲೆ ಮನೆಯ ವಸ್ತುವನ್ನು ಗುರುತಿಸುವುದು ನಮ್ಮ ದೇಶದಲ್ಲಿ ಇದೊಂದರ ವಿಷಯದಲ್ಲಿ ಮಾತ್ರವಲ್ಲವಷ್ಟೆ.

ಬೆಂಗಳೂರು ಸಮುದ್ರಮಟ್ಟಕ್ಕಿಂತ ಸುಮಾರು ೩,೦೦೦ ಅಡಿ ಎತ್ತರದಲ್ಲಿದೆ. ಐಲಾಕ್ಕಿಂತ ಬಹಳ ಬೆಚ್ಚಗಿನ ಊರು. ಪೀಪಾಯಿಯ ಮರವು ಉಸಿರಾಡುವ ವಸ್ತುವಾದುದರಿಂದ ಒಳಗಿನ ದ್ರವವು ಆವಿಯಾಗಿ ಹೋಗುತ್ತಲೇ ಇರುತ್ತದೆ. ಈ ನಷ್ಟಕ್ಕೆ ಆ ದೇಶದವರು ದೇವದೂತರ ಪಾಲೆಂದು ಹೆಸರಿಟ್ಟಿದ್ದಾರೆ. ಅಲ್ಲಿ ಅದು ವರ್ಷಕ್ಕೆ ನೂರಕ್ಕೆ ೨ರಷ್ಟು. ಬೆಂಗಳೂರಿನಲ್ಲಿ ೧೦ರಿಂದ ೧೨. ಇದು ಚಕ್ರಬಡ್ಡಿಯನ್ನು ತಲೆಕೆಳಗು ಮಾಡಿದ ಲೆಕ್ಕ. ನೂರು ಸೇರು ತುಂಬಿಟ್ಟರೆ, ವರ್ಷಕ್ಕೆ ೨ರಂತೆ ಎಂಟು ವರ್ಷದ ಕೊನೆಗೆ ೮೫ ಸೇರು ಉಳಿಯುತ್ತದೆ. ೧೦ರಂತೆ ೪೩ ಸೇರು ಮಾತ್ರ. ಎಂಟು ವರ್ಷ ಇರಿಸಿದ ಒಂದಕ್ಕೆ ಸಂಸ್ಥೆಯವರು ‘ಗ್ರೀಡಿ ಏಂಜಲ್ಸ್’, ದುರಾಸೆಯ ದೇವದೂತರು, ಎಂದೇ ಹೆಸರಿಟ್ಟರು. ಆದರೆ ಬಿಸಿಲು ಕಳೆಯುವುದರ ಜೊತೆಗೆ ಕೊಡುತ್ತದೆ ಕೂಡ. ಸ್ಕಾಟ್ಲೆಂಡಿನಲ್ಲಿ ಹತ್ತು ಹನ್ನೆರಡು ವರ್ಷ ಕಾಯಬೇಕಾದ ಮಾಗುವಿಕೆಯು ಇಲ್ಲಿ ನಾಲ್ಕೈದು ವರ್ಷದಲ್ಲಿ ಬರುತ್ತದೆ. ಮಾವನ್ನು ಹುಲ್ಲಿನಲ್ಲಿ ಮುಚ್ಚಿಟ್ಟವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹುಡುಗನು ತಂದುದು ಇದೇ ಮನೆಯ ಪೂರ್ತಿ ಹೊಗೆಯ ಬಗೆ. ಜಗುಲಿಯಲ್ಲಿ ಕುಳಿತು ಮೂಸಿ ನೋಡೋಣವೆಂದಾಗ ಪಾತ್ರೆಯ ಪ್ರಶ್ನೆ ಎದ್ದಿತು. ಮನೆಯ ಲೋಟಗಳಲ್ಲಿ ಒಂದನ್ನೂ ಕೊಡಲು ತಂಗಿಯು ಒಪ್ಪಲಿಲ್ಲ. ಅವನೇ ತನ್ನ ಪೆಟ್ಟಿಗೆಯಿಂದ ಮೊಗ್ಗಿನ ಆಕಾರದ, ಬಾಯಿ ಕಿರಿದಾದ ಗಾಜಿನ ಬಟ್ಟಲೊಂದನ್ನು ತೆಗೆದನು. ಎರಡು ಉದ್ಧರಣೆಯಷ್ಟು ಸುರಿದು, ಕೆಲವು ತೊಟ್ಟು ನೀರು ಹಾಕಿದನು. ನೀರು ಹಾಕಿದರೆ ಗಂಧವು ಹೆಚ್ಚುವುದೆಂಬುದು ಬರಿಯ ನಂಬಿಕೆಯಲ್ಲ. ಹೊಗೆಯ ಗ್ವಾಯಕಾಲ್ ಕಣಗಳು ದ್ರವದ ಮೇಲ್ಮೈಗೆ ಬಂದು ನಿಲ್ಲುತ್ತವೆಂದು ೨೦೧೭ರಲ್ಲಿ ಸ್ವೀಡನ್ ದೇಶದ ಇಬ್ಬರು ವಿದ್ವಾಂಸರು ಗಣಕಯಂತ್ರದಲ್ಲಿ ಲೆಕ್ಕಹಾಕಿ ತೋರಿಸಿದ್ದಾರೆ.

ಮೂಸಿದೆವು. ಮೊದಲು ಬಂದುದು ಹೋಮ ಮುಗಿದ ಮರುದಿನದ ಕುಂಡದ ವಾಸನೆ. ಆ ಮೇಲೆ ಒಲೆಯ ಮೇಲೆ ಆರಹಾಕಿದ ಒದ್ದೆ ಕಂಬಳಿ. ಅದರ ಹಿಂದೆ ಬೆಲ್ಲ ಕಾಯಿಸುವಾಗ ಅಂಚಿನಲ್ಲಿ ಸ್ವಲ್ಪ ಸೀದ ಹಾಗೆ. ಸತ್ಯವನ್ನು ಹೇಳಬೇಕು: ಅದು ಕೆಟ್ಟ ವಾಸನೆಯಲ್ಲ. ಕೈಚಳಕವುಳ್ಳವರು ತಾಳ್ಮೆಯಿಂದ ಮಾಡಿದ ಒಂದು ಕೆಲಸವೆಂಬುದು ಮೂಗಿಗೇ ತಿಳಿಯುತ್ತದೆ. ತಂಗಿಯು ಬಾಗಿಲ ಬಳಿ ನಿಂತಿದ್ದವಳು ಹತ್ತಿರ ಬಂದು, ಬಟ್ಟಲನ್ನು ಮುಟ್ಟದೆ ಬಾಗಿ ಮೂಸಿದಳು. “ಒಲೆಬುಡದ ವಾಸ್ನೆ ಅಲ್ದಾ ಇದ್!” ಎಂದಳು; ಮುಖದಲ್ಲಿ ನಗುವಿನಂತಹದೇನೋ ಸುಳಿಯಿತು. ಹುಡುಗನ ಕಣ್ಣು ಅರಳಿತು. ಅವಳು ಇನ್ನೊಮ್ಮೆ, ಈ ಸಲ ಸ್ವಲ್ಪ ಹೊತ್ತು, ಮೂಸಿ ನೆಟ್ಟಗೆ ನಿಂತು ನಮ್ಮ ಕಡೆಗೆ ತಿರುಗಿ, “ಹೊಗೆ ಅಡಿಗೆ ಅದೇ ಇತ್ತ್, ಅಣ್ಣಯ್ಯ” ಎಂದು ಒಳಗೆ ಹೋದಳು.

ರಸಾಯನಶಾಸ್ತ್ರದ ದೃಷ್ಟಿಯಿಂದ ಅವಳ ಮಾತಿನಲ್ಲಿ ತಿದ್ದತಕ್ಕದ್ದೇನೂ ಇಲ್ಲ. ಆ ಸೀಸೆಯಲ್ಲಿ ನೂರಕ್ಕೆ ೪೬ ಪಾಲು ಇರುವ ಮದ್ಯಸಾರವೂ ಸಾರಾಯಿಯಲ್ಲಿದ್ದ ಮದ್ಯಸಾರವೂ ಒಂದೇ. ಅಂತರರಾಷ್ಟ್ರೀಯ ಅರ್ಬುದರೋಗ ಸಂಶೋಧನಾ ಸಂಸ್ಥೆಯು ೧೯೮೮ರಲ್ಲಿಯೇ ಮದ್ಯಗಳನ್ನು ಅರ್ಬುದಕಾರಕವೆಂದು ನಿರ್ಣಯಿಸಿದಾಗ ಹೊಗೆಯುಳ್ಳದ್ದು, ಹೊಗೆಯಿಲ್ಲದ್ದು, ದುಬಾರಿಯದು, ಅಗ್ಗದ್ದು ಎಂದು ವಿಂಗಡಿಸಲಿಲ್ಲ. ಇಷ್ಟೇ ಕುಡಿದರೆ ಬಾಧಕವಿಲ್ಲವೆಂಬ ಪ್ರಮಾಣವಾವುದೂ ಇಲ್ಲವೆಂದು ಲೋಕಾರೋಗ್ಯಸಂಸ್ಥೆಯವರು ೨೦೨೩ರಲ್ಲಿ ಹೇಳಿದ್ದಾರೆ. ಇದನ್ನು ಹುಡುಗನಿಗೂ ಹೇಳಿದೆವು. ಅವನು ಸಿಟ್ಟಾಗಲಿಲ್ಲ. ತಾನು ಹೊಟ್ಟೆಗಾಗಿ ಕುಡಿಯುವವನಲ್ಲವೆಂದೂ, ತಿಂಗಳಿಗೊಮ್ಮೆ ಬಟ್ಟಲಿನ ತಳ ಮುಚ್ಚುವಷ್ಟು ಮಾತ್ರವೆಂದೂ, ಪ್ರತಿ ಸಲವೂ ಏನು ಕಂಡಿತೆಂಬುದನ್ನು ಬರೆದಿಡುವೆನೆಂದೂ ಹೇಳಿ ಒಂದು ನೋಟು ಪುಸ್ತಕವನ್ನು ತಂದುಕೊಟ್ಟನು.

ಪುಸ್ತಕವು ಚೆನ್ನಾಗಿತ್ತು. ಆರಂಭದಲ್ಲಿ ‘ಹೊಗೆ, ಕಟು’ ಎಂದಷ್ಟೆ ಬರೆದವನು ಮುಂದೆ ಹೋದಂತೆ ಸಮುದ್ರದ ಪಾಚಿ, ಸುಟ್ಟ ಗೇರುಬೀಜದ ಸಿಪ್ಪೆ, ಮಳೆ ಬಿದ್ದ ಸುಡುಗಾಡು ಎಂದು ಬರೆಯತೊಡಗಿದ್ದನು. ನಮ್ಮ ತರಗತಿಯಲ್ಲಿ ಪ್ರಬಂಧ ಬರೆಯುತ್ತಿದ್ದಾಗ ಇವನಿಗೆ ಈ ಉಪಮಾನಗಳೆಲ್ಲಿ ಹೋಗಿದ್ದುವೋ! ಆದರೆ ಉತ್ತರಪತ್ರಿಕೆಯನ್ನು ನೋಡುವವರಿಗೆ ಬರಹದೊಡನೆ ಅಂಚನ್ನೂ ನೋಡುವ ರೂಢಿಯಿರುತ್ತದೆ. ಪ್ರತಿ ಟಿಪ್ಪಣಿಯ ಎಡಗಡೆಯಲ್ಲಿ ತಾರೀಖು ಇತ್ತು. ಒಂದು ಕಾಗದವನ್ನು ತೆಗೆದುಕೊಂಡು ತಾರೀಖುಗಳನ್ನು ಮಾತ್ರ ಸಾಲಾಗಿ ಬರೆದೆವು. ಮೊದಲನೆಯ ವರ್ಷದಲ್ಲಿ ಹನ್ನೊಂದು. ಎರಡನೆಯ ವರ್ಷದಲ್ಲಿ ಇಪ್ಪತ್ತಾರು. ಮೂರನೆಯ ವರ್ಷದಲ್ಲಿ, ದೀಪಾವಳಿಯ ಹೊತ್ತಿಗೇ, ನಲವತ್ತೊಂದು. ಏನೂ ಹೇಳದೆ ಕಾಗದವನ್ನು ಅವನ ಕೈಗೆ ಕೊಟ್ಟೆವು. ಅವನು ಬೆರಳಿಟ್ಟು ಒಮ್ಮೆ ಎಣಿಸಿದನು; ಪುಸ್ತಕವನ್ನು ತೆಗೆದು ಇನ್ನೊಮ್ಮೆ ಎಣಿಸಿದನು. ಆ ಮೇಲೆ ಕಾಗದವನ್ನು ಮಡಿಸಿ ಅಂಗಿಯ ಜೇಬಿನಲ್ಲಿಟ್ಟುಕೊಂಡನು.

ಸೀಸೆಯನ್ನು ಅವನು ಬೆಂಗಳೂರಿಗೇ ಕೊಂಡೊಯ್ದನು. ಬೀಸಾಡಲೂ ಇಲ್ಲ, ಬೀಸಾಡೆಂದು ನಾವು ಹೇಳಲೂ ಇಲ್ಲ. ಆ ನಂತರದಿಂದ ಪ್ರತಿ ತಿಂಗಳ ಮೊದಲ ವಾರದಲ್ಲಿ ಅವನು ನೋಟು ಪುಸ್ತಕದ ಆ ತಿಂಗಳ ಹಾಳೆಯ ಪಟವನ್ನು ತಾಯಿಯ ದೂರವಾಣಿಗೆ ಕಳುಹಿಸುತ್ತಾನೆ. ತಂಗಿಯು ಕನ್ನಡಕ ಹಾಕಿಕೊಂಡು ಎಡಗಡೆಯ ಅಂಚನ್ನು ಮಾತ್ರ ಓದುತ್ತಾಳೆ. ಕಳೆದ ತಿಂಗಳು ಒಂದೇ ತಾರೀಖು ಇತ್ತು. ಅದರ ಹಿಂದಿನ ತಿಂಗಳು ಮೂರು. ಈ ತಿಂಗಳಿನದು ಇನ್ನೂ ಬಂದಿಲ್ಲ.